ಸಾಹೇಬರ ಕೆಮ್ಮು, ಮಾದೇವಿಯ ತಂಬಿಗೆ

೨೦೦೧ನೆಯ ಇಸವಿ. ಪುಣೆಯ ಕೊಳಚೆ ವಸ್ತಿಗಳಲ್ಲಿ ಸಾಮೂಹಿಕ ಶೌಚಾಲಯ ಕಟ್ಟಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸೈಟ್ ಇಂಜಿನಿಯರ್ ಆಗಿದ್ದೆ. ವಯಸ್ಸು ಇಪ್ಪತ್ಮೂರು. ಕೈಯಲ್ಲಿ ಸಿವಿಲ್ ಡಿಪ್ಲೊಮಾ ಇತ್ತು, ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು, ಮೀಸೆಯ ಅರ್ಜಿ ಮಾತ್ರ ಇನ್ನೂ ಮಂಜೂರಾಗಿರಲಿಲ್ಲ. ಇದನ್ನು ಬರೆಯುತ್ತಿರುವಾಗ ಐದು ವರ್ಷ ಕಳೆದಿವೆ. ವೃತ್ತಿಯ ಅನುಭವ ಬರೆಯುವುದು ಪಿಂಚಣಿ ಬಂದವರ ಕೆಲಸ, ನಿನಗ್ಯಾಕೋ ಇದು ಎಂದು ಅಪ್ಪ ಕೇಳಿದರು. ಪಿಂಚಣಿ ಬರುವ ನೌಕರಿ ಅಲ್ಲವಲ್ಲ, ಅದಕ್ಕೇ ಈಗಲೇ ಬರೆದುಬಿಡುತ್ತೇನೆ ಎಂದೆ.

ಅಪ್ಪ ವಿಜಾಪುರದ ಕಡೆಯಿಂದ ಬಂದು ಸದಾಶಿವ ಪೇಠೆಯ ಒಂದು ಲಾರಿ ಕಚೇರಿಯಲ್ಲಿ ಕಾರಕೂನರಾದವರು. ಮಗ ಸಂಡಾಸು ಕಟ್ಟುತ್ತಾನೆ ಎಂದು ನೆಂಟರಿಗೆ ಹೇಳಲು ಅವರಿಗೆ ಸಂಕೋಚ. "ಹುಡುಗ ಪಬ್ಲಿಕ್ ಹೆಲ್ತ್‌ನಾಗ ಇದ್ದಾನ್ರಿ" ಎನ್ನುತ್ತಿದ್ದರು. ಅದನ್ನು ನಂಬಿದ ಇಂಡಿ ಊರಿನ ಕಾಕಾ ಒಬ್ಬರು ಮನೆಗೆ ಬಂದವರೇ ನನ್ನ ಮುಂದೆ ನಾಲಿಗೆ ಚಾಚಿ ಕೂತರು. ನಾನು ನಾಲಿಗೆ ನೋಡಿ, ಇಳಿಜಾರು ಸರಿಯಾಗಿದೆ ಎಂದು ಹೇಳಿ ಕಳಿಸಿದೆ.

ನಾವಿದ್ದದ್ದು ಒಂದು ಹಳೆಯ ವಾಡೆಯಲ್ಲಿ. ಹನ್ನೊಂದು ಮನೆಗೆ ಹಿತ್ತಲಲ್ಲಿ ಎರಡು ಸಂಡಾಸು. ನಾನು ಹುಟ್ಟುವ ಮೊದಲೇ ಎರಡರ ಚಿಲಕಗಳೂ ಮುರಿದಿದ್ದವು. ಹೀಗಾಗಿ ವಾಡೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಳಗೆ ಕೂತವರು ಹೊರಗೆ ಹೆಜ್ಜೆ ಸಪ್ಪಳ ಕೇಳಿದೊಡನೆ ಕೆಮ್ಮಬೇಕು. ಕೆಮ್ಮು ಕೇಳಿದರೆ ಒಳಗೆ ಯಾರೆಂದು ಹೊರಗಿನವರಿಗೆ ತಿಳಿಯುತ್ತಿತ್ತು, ಎಷ್ಟು ಹೊತ್ತು ಕಾಯಬೇಕೆಂದೂ ತಿಳಿಯುತ್ತಿತ್ತು. ನನ್ನ ಮಿಮಿಕ್ರಿಯ ವಿದ್ಯೆ ಶುರುವಾದದ್ದು ಅಲ್ಲಿಂದಲೇ. ಎಂಟನೆಯ ವಯಸ್ಸಿಗೆ ಹನ್ನೊಂದು ಮನೆಯ ಕೆಮ್ಮುಗಳೂ ನನಗೆ ಬಾಯಿಪಾಠ. ವಾಡೆಯ ಮಾಲಕರ ಕೆಮ್ಮು ಕೆಮ್ಮಿದರೆ ಸರದಿಯಲ್ಲಿ ನಿಂತವರೆಲ್ಲ ಮನೆಗೆ ಹೋಗಿ ಅರ್ಧ ಗಂಟೆ ಬಿಟ್ಟು ಬರುತ್ತಿದ್ದರು. ನಾನು ಆರಾಮಾಗಿ ಕೂತು ಇಂದ್ರಜಾಲ ಕಾಮಿಕ್ಸ್ ಓದುತ್ತಿದ್ದೆ. ಒಂದು ದಿನ ಸ್ವತಃ ಮಾಲಕರೇ ಹೊರಗೆ ನಿಂತಿದ್ದಾಗ ಅವರದೇ ಕೆಮ್ಮು ಕೆಮ್ಮಿ ಸಿಕ್ಕಿಬಿದ್ದೆ. ಆ ಕಥೆ ಇಲ್ಲಿ ಬೇಡ.

ನಮ್ಮ ಸಂಸ್ಥೆಯಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಆದ್ದರಿಂದ ಹಡಪಸರದ ಗೋದಾಮುಗಳ ಹಿಂದಿದ್ದ ಒಂದು ವಸ್ತಿಯ ಕೆಲಸ ನನ್ನ ಕೊರಳಿಗೆ ಬಿತ್ತು. ಸುಮಾರು ನೂರು ಗುಡಿಸಲು. ಎಲ್ಲರೂ ಯಾದಗಿರಿ, ಸುರಪುರದ ಕಡೆಯ ಅಕ್ಕಪಕ್ಕದ ಮೂರೇ ಊರುಗಳಿಂದ ಬಂದವರು. ಅವರ ಕಸುಬು ಹೇಳಿದರೆ ನೀವು ನಗುತ್ತೀರಿ. ಪುಣೆಯ ತುಂಬ ಗಟಾರದ ಪೈಪು ಹಾಕಲು ನೆಲ ಅಗೆಯುವವರು ಅವರೇ. ಧನಕವಡಿ ಬಡಾವಣೆಯ ಹೊಸ ಅಪಾರ್ಟ್‌ಮೆಂಟುಗಳ ಕೊಳೆನೀರು ಹರಿಯುವುದು ಅವರು ಅಗೆದ ಚರಂಡಿಯಲ್ಲಿ. ಊರಿಗೆಲ್ಲ ಪೈಪು ಹಾಕಿ ಮನೆಗೆ ಬಂದರೆ ಅವರಿಗೆ ಇದ್ದದ್ದು ಮಾತ್ರ ಕಾಲುವೆಯ ಏರಿ.

ಗಂಡಸರು ಯಾವಾಗ ಬೇಕಾದರೂ ಏರಿಗೆ ಹೋಗುತ್ತಿದ್ದರು. ಹೆಂಗಸರು ಬೆಳಕು ಹರಿಯುವ ಮೊದಲು ಗುಂಪಾಗಿ ಹೋಗಿ ಬರಬೇಕು, ಆಮೇಲೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಮಳೆಗಾಲದಲ್ಲಿ ಏರಿಯ ಕಪ್ಪುಮಣ್ಣು ಸಾಬೂನಿನಂತೆ ಜಾರುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಮಾದೇವಿ ಎಂಬ ಸೊಸೆ ಅಲ್ಲಿಂದ ಜಾರಿ ಕಾಲುವೆಯ ಕಲ್ಲಿಗೆ ಬಿದ್ದು ಕೈ ಮುರಿದುಕೊಂಡಿದ್ದಳು. ನಾನು ಅಲ್ಲಿಗೆ ಹೋದಾಗ ಆ ಕೈ ಕೂಡಿತ್ತು, ಅವಳು ಬಸುರಿಯಾಗಿದ್ದಳು.

ಮಾದೇವಿಯ ಅತ್ತೆ ಹಣಮವ್ವ ಅಗೆಯುವ ಹೆಂಗಸರ ಗುಂಪಿನ ಮುಕದ್ದಮ. ಯಾರು ಎಲ್ಲಿ ಅಗೆಯಬೇಕು, ಎಷ್ಟು ಆಳ ಅಗೆಯಬೇಕು ಎಂದು ಹೇಳುವವಳು. ಅರವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಮೊದಲ ದಿನವೇ ನನ್ನ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದಳು.

"ಇದು ಯಾಕಪ್ಪ?"

"ತಲಿ ಮ್ಯಾಲ ಏನರೆ ಬಿದ್ರ ಅಂತ ಆಯಿ."

"ಮಳಿ ಬಿಟ್ರ ಇಲ್ಲಿ ಬೀಳೂದು ಏನೂ ಇಲ್ಲ. ಬೀಳಾಕೀ ಒಬ್ಬಾಕಿ ಇದ್ದಾಳ, ಆಕಿ ನನ್ನ ಸೊಸಿ. ಮಳಿ ಹಿಡಿಯೂದ್ರೊಳಗ ಕಟ್ಟಿ ಮುಗಸ್ತಿ ಏನು?"

ಮುಗಿಸುತ್ತೇನೆ ಎಂದೆ. ಎದೆಯ ಮೇಲೆ ಕೈ ಇಟ್ಟುಕೊಂಡು, ನಾಟಕದ ರಾಜಕುಮಾರನ ಧ್ವನಿಯಲ್ಲಿ. ಅವಳು ನಗಲಿಲ್ಲ. "ಹಂಗ ಅನ್ನಬ್ಯಾಡ. ನಿನ್ನ ದನಿಲೇ ಅನ್ನು" ಎಂದಳು. ನನ್ನ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಅದು ಅಷ್ಟು ಗಟ್ಟಿಯಾಗಿ ಬರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಮೊದಲು ಜಾಗದ ಸರ್ವೆ, ಆಮೇಲೆ ವಸ್ತಿಯವರ ಸಭೆ, ಆಮೇಲೆ ನಕ್ಷೆ. ಸಭೆ ಕಡ್ಡಾಯ. ನಮ್ಮ ಫಾರ್ಮಿನಲ್ಲಿ 'ಸಮುದಾಯದ ಒಪ್ಪಿಗೆ ಪಡೆಯಲಾಗಿದೆಯೇ' ಎಂಬ ಪ್ರಶ್ನೆ ಇತ್ತು, ಅದರ ಮುಂದೆ ಒಂದು ಚೌಕ. ಸಭೆ ಸೇರಿದ್ದು ವಸ್ತಿಯ ನಡುವಿನ ಬೇವಿನ ಮರದ ಕಟ್ಟೆಯ ಮೇಲೆ. ಗಂಡಸರೆಲ್ಲ ಕಟ್ಟೆಯ ಮೇಲೆ ಕೂತರು, ಹೆಂಗಸರು ದೂರದಲ್ಲಿ ಗುಡಿಸಲುಗಳ ಬಾಗಿಲಲ್ಲಿ ಸೆರಗು ಎಳೆದುಕೊಂಡು ನಿಂತರು. ಬಾಗಿಲು ಯಾವ ಕಡೆ ಇರಲಿ ಎಂದು ಕೇಳಿದೆ. ಹಣಮವ್ವನ ಗಂಡ ಭೀಮರಾಯ ಉತ್ತರ ಕೊಟ್ಟ. ಅವನು ಗೌಂಡಿ, ಇಟ್ಟಿಗೆಯ ಕೆಲಸದಲ್ಲಿ ಹೆಸರಾದವನು, ವಸ್ತಿಯ ಹಿರಿಯ.

"ಈ ಕಡಿನೇ ಇರ್ಲಿ ಸಾಹೇಬ್ರ. ಕಟ್ಟಿ ಮ್ಯಾಲ ಕುಂತ್ರ ಕಣ್ಣಿಗಿ ಕಾಣಬೇಕು. ನಮ್ಮದೊಂದು ಬಿಲ್ಡಿಂಗ್ ಅಂತ ಆಗ್ತದ."

ಎಲ್ಲರೂ ಹೌದ್ರಿ ಎಂದರು. ನಾನು ಚೌಕದಲ್ಲಿ ಗುರುತು ಹಾಕಿದೆ. ಆ ಗುರುತು ಬಹಳ ಚಂದ ಬಂದಿತ್ತು.

ಕಟ್ಟಡದ ವಿವರ ಇಷ್ಟು. ಒಟ್ಟು ಹದಿನಾರು ಸೀಟು, ಗಂಡಸರಿಗೆ ಎಂಟು, ಹೆಂಗಸರಿಗೆ ಎಂಟು. ನಡುವೆ ಗೋಡೆ. ಎರಡೂ ಭಾಗಗಳ ಬಾಗಿಲು ಕಟ್ಟೆಯ ಕಡೆಗೆ. ಹೆಂಗಸರ ಭಾಗದ ಕೊಳೆನೀರು ಕಟ್ಟಡದ ಹಿಂದಿನ ಒಂದು ಚೇಂಬರಿಗೆ ಬಂದು ಅಲ್ಲಿಂದ ದೊಡ್ಡ ಲೈನಿಗೆ ಸೇರಬೇಕು. ಚೇಂಬರ್ ಎಂದರೆ ನೆಲದೊಳಗಿನ ಇಟ್ಟಿಗೆಯ ಪೆಟ್ಟಿಗೆ. ಮೇಲೆ ಮುಚ್ಚಳ ಇರುತ್ತದೆ. ಪೈಪು ಕಟ್ಟಿಕೊಂಡರೆ ತೆರೆದು ನೋಡುವುದಕ್ಕೆ ಅದು. ಪೈಪಿನ ಇಳಿಜಾರು ಅರವತ್ತು ಅಡಿಗೆ ಒಂದು ಅಡಿ. ಇದಕ್ಕಿಂತ ಕಡಿಮೆಯಾದರೆ ಮಲ ಮುಂದೆ ಸರಿಯುವುದಿಲ್ಲ. ತೀರಾ ಹೆಚ್ಚಾದರೆ ನೀರು ಮುಂದೆ ಓಡಿ ಮಲ ಹಿಂದೆ ಉಳಿಯುತ್ತದೆ. ಸಭೆಗಳ ಹಾಗೆಯೇ, ನಿಧಾನವೂ ಆಗಬಾರದು, ಅವಸರವೂ ಆಗಬಾರದು.

ಏಪ್ರಿಲ್ ಕೊನೆಯಲ್ಲಿ ಕಟ್ಟಡ ಮುಗಿಯಿತು. ತೆಂಗಿನಕಾಯಿ ಒಡೆದೆವು. ಭೀಮರಾಯನನ್ನೇ ನಿಗಾ ಇಡುವವನನ್ನಾಗಿ ಮಾಡಿದೆವು. ಅವನು ಖುಷಿಯಿಂದ ತನ್ನ ಹಗ್ಗದ ಹೊರಸನ್ನು ತಂದು ಬಾಗಿಲ ಪಕ್ಕದಲ್ಲೇ ಹಾಕಿಕೊಂಡು ಕೂತ.

ಈ ಕಾಮಗಾರಿಯ ಮೇಲೆ ಸರ್ಕಾರದ ಕಡೆಯಿಂದ ಒಬ್ಬ ಡೆಪ್ಯೂಟಿ ಇಂಜಿನಿಯರ್ ಇದ್ದರು. ಅವರನ್ನು ಪರಚುರೆ ಸಾಹೇಬರು ಎನ್ನೋಣ. ನೇರ ಮನುಷ್ಯ, ನಗು ಕಡಿಮೆ, ಕೆಮ್ಮು ಹೆಚ್ಚು. ಅವರ ಕೆಮ್ಮಿಗೆ ಮೂರು ಭಾಗ. ಮೊದಲು ಗಂಟಲಲ್ಲಿ ಒಂದು ಸಣ್ಣ ಗೊರ. ನಂತರ ಎರಡು ಗಟ್ಟಿ ಕೆಮ್ಮು, ಕದ ತಟ್ಟಿದ ಹಾಗೆ. ಕೊನೆಗೆ 'ಹ್ಞಾಂ' ಎಂಬ ಒಂದು ಉದ್ದನೆಯ ಸಮಾಧಾನ. ಕೆಲಸದ ಶುರುವಿನಲ್ಲಿ ಎರಡು ಸಲ ವಸ್ತಿಗೆ ಬಂದುಹೋಗಿದ್ದರು. ಅವರು ಹೋದ ಮೇಲೆ ನಾನು ಆ ಕೆಮ್ಮನ್ನು ಮಾಡಿ ತೋರಿಸಿದ್ದೆ. ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಅವರ ನಿಯಮ ಒಂದೇ. ಮೇ ತಿಂಗಳ ಕೊನೆಗೆ ತಪಾಸಣೆ. ಬಳಕೆಯಲ್ಲಿದ್ದರೆ ಕಾಯಂ ನೀರಿನ ಕನೆಕ್ಷನ್ ಸಿಗುತ್ತದೆ. ಬಳಕೆ ಇಲ್ಲದಿದ್ದರೆ ಆ ಭಾಗಕ್ಕೆ ಬೀಗ. ಹಾಗೆ ಬೀಗ ಬಿದ್ದ ಒಂದು ಶೌಚಾಲಯವನ್ನು ನಾನೇ ನೋಡಿದ್ದೆ. ಅದರೊಳಗೆ ಹಳೆಯ ಕಸಬರಿಗೆಗಳನ್ನು ತುಂಬಿದ್ದರು. ನಮ್ಮ ನಾಡಿನಲ್ಲಿ ಮನುಷ್ಯರಿಗಿಂತ ಕಸಬರಿಗೆಗಳಿಗೆ ಬೇಗ ಪಕ್ಕಾ ಮನೆ ಸಿಗುತ್ತದೆ.

ಹತ್ತು ದಿನ ಕಳೆದವು. ಗಂಡಸರ ಕಡೆ ಜಾತ್ರೆಯಂತೆ ಜನ. ಹೆಂಗಸರ ಕಡೆಯ ಎಂಟೂ ಸೀಟುಗಳು ಅಂಗಡಿಯಲ್ಲಿ ಇಟ್ಟಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಮಾದೇವಿ, ಈಗ ಆರು ತಿಂಗಳ ಬಸುರಿ, ಬೆಳಗಿನ ಜಾವ ಏರಿಯ ಕಡೆಗೇ ನಡೆಯುತ್ತಿದ್ದಳು.

ನಾನು ಕಾರಣ ಹುಡುಕಿದೆ. ಹೊಸದು, ಹೆದರಿಕೆ ಇರಬೇಕು ಎಂದುಕೊಂಡೆ. ತಿಳುವಳಿಕೆಯ ಕೊರತೆ ಎಂದುಕೊಂಡೆ. ಹೆಂಗಸರನ್ನು ಕೂರಿಸಿ 'ಆರೋಗ್ಯವೇ ಭಾಗ್ಯ' ಎಂದು ಶುರುಮಾಡಿ ಅರ್ಧ ಗಂಟೆ ಭಾಷಣ ಮಾಡಿದೆ. ಪಠ್ಯಪುಸ್ತಕದ ಕನ್ನಡದಲ್ಲಿ. ಅವರು ಮದುವೆಯಲ್ಲಿ ಮಂತ್ರ ಕೇಳಿದಷ್ಟೇ ಭಕ್ತಿಯಿಂದ ಕೇಳಿದರು. ಮರುದಿನ ಬೆಳಿಗ್ಗೆ ಮತ್ತೆ ಏರಿಗೆ ಹೋದರು. ಭೀಮರಾಯನನ್ನು ಕೇಳಿದರೆ, "ಹೆಂಗಸರ ಬುದ್ಧಿ ಸಾಹೇಬ್ರ. ಕಟ್ಟಿಸಿ ಕೊಟ್ರೂ ಬ್ಯಾಡ ಅಂದ್ರ ಏನ ಮಾಡ್ಲಾಕ ಬರ್ತದ" ಎಂದ. ನಾನೂ ತಲೆಯಾಡಿಸಿದೆ. ಈಗ ನೆನೆಸಿಕೊಂಡರೆ ಆ ತಲೆಗೆ ಹೆಲ್ಮೆಟ್ ದಂಡ ಎನ್ನಿಸುತ್ತದೆ.

ಮುಂದಿನ ಭಾನುವಾರ ಸಂಜೆ ನಾನು ಪೆಚ್ಚುಮೋರೆ ಹಾಕಿಕೊಂಡು ಕಟ್ಟೆಯ ಬಳಿ ನಿಂತಿದ್ದೆ. ಯಾರೋ "ಸಾಹೇಬ್ರದು ಮಾಡ್ರಿ" ಎಂದರು. ಮಾಡಿದೆ. ಮೂರು ಭಾಗದ ಕೆಮ್ಮು ಮುಗಿಯುವಷ್ಟರಲ್ಲಿ ವಸ್ತಿಯೆಲ್ಲ ಸೇರಿತ್ತು. ಜನ ನಕ್ಕರೆ ನನಗೆ ಹುರುಪು. ಹೊಸ ಐಟಂ ಎಂದು, ಯಾರು ಯಾರು ಸಂಡಾಸಿಗೆ ಹೇಗೆ ಹೋಗುತ್ತಾರೆ ಎಂಬುದನ್ನು ಮಾಡತೊಡಗಿದೆ. ಭೀಮರಾಯ ಬೀಡಿ ಹಚ್ಚಿಕೊಂಡು ಗುತ್ತಿಗೆದಾರನ ಗತ್ತಿನಲ್ಲಿ ಹೋಗುವುದು. ಅವನ ತಮ್ಮ ಓಡುತ್ತ ಹೋಗಿ ಬಾಗಿಲಲ್ಲಿ ಚಪ್ಪಲಿ ಹುಡುಕುವುದು. ನಾನು ಫಾರ್ಮ್ ಹಿಡಿದುಕೊಂಡು ಒಳಗೆ ಹೋಗಿ ಇಳಿಜಾರು ಅಳೆಯುತ್ತ ಬಂದ ಕೆಲಸವನ್ನೇ ಮರೆತು ಹೊರಗೆ ಬರುವುದು. ನನ್ನದಕ್ಕೇ ಹೆಚ್ಚು ನಗು ಬಂತು.

ಆಗ ಹಣಮವ್ವ ಗುಂಪು ಸರಿಸಿಕೊಂಡು ಮುಂದೆ ಬಂದಳು. ಅವಳ ಕೈಯಲ್ಲಿ ನೀರು ತುಂಬಿದ ಒಂದು ತಂಬಿಗೆ ಇತ್ತು.

"ಎಲ್ಲಾರ್ದೂ ಮಾಡಿದಿ. ನಮ್ಮ ಮಾದೇವಿದೊಂದು ಮಾಡು."

"ಆಕಿ ಹೋಗೂದೇ ಇಲ್ಲಲ್ಲ ಆಯಿ."

"ಹೋಗ್ಯಾಳಂತ ತಿಳ್ಕೋ. ಅಕಾ ಅಲ್ಲಿ, ಆಕಿ ಮನಿ ಬಾಗಲದಿಂದ ಹಿಡ್ದು ನಿನ್ನ ಬಾಗಲತನ. ತಗೋ ತಂಬಿಗಿ."

ಯಾರೋ ಒಂದು ಹಳೆಯ ಸೀರೆ ಎಸೆದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಹೊಟ್ಟೆಗೆ ಹೆಲ್ಮೆಟ್ ಕಟ್ಟಿಕೊಂಡು ಹೊರಟೆ. ಮೊದಲ ಹತ್ತು ಹೆಜ್ಜೆಗೆ ಜನ ಬಿದ್ದು ಬಿದ್ದು ನಕ್ಕರು. ಮಿಮಿಕ್ರಿಯವರಿಗೆ ಒಂದು ಅಭ್ಯಾಸ ಇರುತ್ತದೆ. ದನಿ ತೆಗೆಯುವ ಮೊದಲು ಅವರ ಕಣ್ಣಿನಿಂದ ನೋಡಬೇಕು, ಇಲ್ಲದಿದ್ದರೆ ದನಿ ಹೊರಡುವುದಿಲ್ಲ. ಹಾಗೆ ನಾನು ಮಾದೇವಿಯ ಕಣ್ಣಿನಿಂದ ಮುಂದೆ ನೋಡಿದೆ. ಕಟ್ಟೆ ಕಾಣಿಸಿತು. ಅದರ ಮೇಲೆ ಸಾಲಾಗಿ ಗಂಡಸರು. ಮೂರೇ ಊರಿನ ಜನ, ಒಬ್ಬರಿಗೊಬ್ಬರು ಬೀಗರು. ಆ ಸಾಲಿನಲ್ಲಿ ಕೂತ ಪ್ರತಿಯೊಬ್ಬನೂ ಅವಳಿಗೆ ಒಂದೋ ಮಾವ, ಇಲ್ಲವೇ ಭಾವ. ಸಾಲಿನ ಕೊನೆಯಲ್ಲಿ, ನಾನೇ ಇರಿಸಿದ ಬಾಗಿಲಿನ ಪಕ್ಕದಲ್ಲಿ, ನಾನೇ ನೇಮಿಸಿದ ಸ್ವಂತ ಮಾವ ಹೊರಸಿನ ಮೇಲೆ ಕೂತಿದ್ದ.

ಕೈಯಲ್ಲಿ ತಂಬಿಗೆ. ನಮ್ಮ ಕಡೆ ತಂಬಿಗೆ ಹಿಡಿದು ನಡೆದರೆ ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿಲ್ಲ. ಮಾವ ಎದುರಿಗೆ ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲುವ ಸೊಸೆಯಂದಿರು ಅವರು. ನಾನು ತಂಬಿಗೆಯನ್ನು ಬೆನ್ನಿನ ಹಿಂದೆ ಮಾಡಿದೆ. ಸರಿ ಅನ್ನಿಸಲಿಲ್ಲ. ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ನೀರು ತುಳುಕಿ ಸೀರೆ ನೆನೆಯಿತು. ಕಟ್ಟೆಯ ಮೇಲಿನ ನಗು ಒಬ್ಬೊಬ್ಬರದಾಗಿ ನಿಂತುಹೋಯಿತು. ಭೀಮರಾಯ ಮುಖ ಆ ಕಡೆ ತಿರುಗಿಸಿದ. ವಾಡೆಯ ಮಾಲಕರ ಮುಂದೆಯೂ ನಾಚದ ನಾನು ಅಲ್ಲಿ ನಿಂತುಬಿಟ್ಟೆ. ನಾಟಕ ಮಾಡಿ ನಿಂತದ್ದಲ್ಲ, ಕಾಲು ಬರಲಿಲ್ಲ. ಒಂದು ಕ್ಷಣ ಬಿಟ್ಟು ನೋಡಿಕೊಂಡರೆ ನಾನು ಬಲಕ್ಕೆ ಹೊರಳಿ ಏರಿಯ ಹಾದಿ ಹಿಡಿದಿದ್ದೆ.

ಹಣಮವ್ವ ಬಂದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡಳು.

"ಗೊತ್ತಾಯ್ತೇನಪ್ಪ?"

"ಮೊದಲೇ ಹೇಳಬಾರದಾ ಆಯಿ?"

"ನೀ ಕೇಳಿದ್ದು ಕಟ್ಟಿ ಮ್ಯಾಲಿನವರ್ನ. ಅವರ ಮುಂದ ಈ ಮಾತು ಹೆಂಗ ಹೇಳೂದು? ಹೇಳ್ಲಾಕ ಬರೂಹಂಗ ಇದ್ರ ಹೋಗ್ಲಾಕೂ ಬರ್ತಿತ್ತು."

ಆ ರಾತ್ರಿ ಮನೆಗೆ ಹೋಗಿ ಫಾರ್ಮ್ ತೆಗೆದು ನೋಡಿದೆ. ಚೌಕದೊಳಗಿನ ಗುರುತು ಇನ್ನೂ ಚಂದವೇ ಇತ್ತು. ನಮ್ಮ ವಾಡೆಯ ಸಂಡಾಸಿಗೆ ಹಿತ್ತಲಿನಿಂದಲೇ ಹಾದಿ ಇತ್ತು, ಅವ್ವನಾಗಲಿ ಅಕ್ಕನಾಗಲಿ ಒಂದು ದಿನವೂ ಅಂಗಳ ದಾಟಿ ಹೋಗಬೇಕಾಗಿರಲಿಲ್ಲ. ಇಪ್ಪತ್ಮೂರು ವರ್ಷ ಅಲ್ಲೇ ಓಡಾಡಿದ್ದೆ. ಎಲ್ಲರ ಕೆಮ್ಮು ಕಲಿತಿದ್ದೆ. ಹಾದಿ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಹಣಮವ್ವನ ಜೊತೆ ಕಟ್ಟಡದ ಸುತ್ತ ನಡೆದೆ. ಉಪಾಯ ಕಣ್ಣಮುಂದೆಯೇ ಇತ್ತು. ಹೆಂಗಸರ ಭಾಗದ ಹಿಂಗೋಡೆಯ ಆಚೆ ಒಂದು ಕಿರಿದಾದ ಓಣಿ, ಅದಕ್ಕೆ ಗುಡಿಸಲುಗಳ ಹಿಂಬಾಗಿಲುಗಳು ತೆರೆಯುತ್ತಿದ್ದವು. ಗೋಡೆ ಒಡೆದು ಅಲ್ಲಿ ಬಾಗಿಲು ಇಟ್ಟು, ಮುಂದಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿದರೆ ಮುಗಿಯಿತು. ಸದ್ಯಕ್ಕಿದ್ದ ತಾತ್ಕಾಲಿಕ ನಲ್ಲಿಯನ್ನೂ ಒಳಗೇ ಹಾಕಿದರೆ ತಂಬಿಗೆ ಹೊರುವ ಗೊಡವೆಯೇ ಇಲ್ಲ. ಅಡ್ಡಿ ಒಂದೇ. ಬಾಗಿಲು ಬರಬೇಕಾದ ಜಾಗದಲ್ಲೇ ಚೇಂಬರ್ ಇತ್ತು, ಅದರ ಮುಚ್ಚಳ ನೆಲದಿಂದ ಮೊಣಕಾಲಿನಷ್ಟು ಎತ್ತರದಲ್ಲಿ. ಅದನ್ನು ಓಣಿಯ ಬಾಯಿಗೆ ಸರಿಸಬೇಕು. ಸರಿಸಿದರೆ ಪೈಪಿನ ಇಳಿಜಾರು ಮತ್ತೆ ಹೊಂದಿಸಬೇಕು.

ಪರಚುರೆ ಸಾಹೇಬರ ಬಳಿ ಹೋದೆ. ಅವರು ನಕ್ಷೆ ನೋಡಿದರು, ನನ್ನನ್ನು ನೋಡಿದರು, ಕೆಮ್ಮಿದರು.

"ಈ ಬಾಗಿಲು ಇಲ್ಲಿ ಇರಲಿ ಎಂದು ಬರೆದದ್ದು ಯಾರು?" ಎಂದು ಮರಾಠಿಯಲ್ಲಿ ಕೇಳಿದರು.

"ಮೀಚ್, ಸಾಹೇಬ್." ನಾನೇ ಎಂದೆ.

ಅವರಿಗೆ ಸ್ವಲ್ಪ ಆಶ್ಚರ್ಯವಾಗಿರಬೇಕು. ಅವರ ಮುಂದೆ ನಿಲ್ಲುವವರು ಸಾಮಾನ್ಯವಾಗಿ ಹಿಂದಿನ ಇಂಜಿನಿಯರ್ ಹೆಸರು ಹೇಳುತ್ತಾರೆ. ನನ್ನ ಹಿಂದೆ ಯಾರೂ ಇರಲಿಲ್ಲ. ಅವರು ಕಡತ ಮುಚ್ಚಿ ಹೇಳಿದರು, ತಪಾಸಣೆಯ ದಿನ ಬದಲಾಗುವುದಿಲ್ಲ, ಹನ್ನೆರಡು ದಿನ ಇದೆ, ಆ ದಿನ ಅಲ್ಲಿ ಏನು ಕಾಣುತ್ತದೋ ಅದನ್ನೇ ಬರೆಯುತ್ತೇನೆ. ಒಪ್ಪಿಗೆ ಕೊಟ್ಟರೋ ಇಲ್ಲವೋ ತಿಳಿಯಲಿಲ್ಲ. ಇಲ್ಲ ಎನ್ನಲಿಲ್ಲವಾದ್ದರಿಂದ ಹೌದು ಎಂದೇ ಹಿಡಿದೆ.

ಕೂಲಿಗೆ ಆಳು ಹುಡುಕುವ ಪ್ರಮೇಯ ಬರಲಿಲ್ಲ. ಪುಣೆಯಲ್ಲೇ ಪೈಪಿನ ಕೆಲಸದಲ್ಲಿ ಎಲ್ಲರಿಗಿಂತ ಪಳಗಿದ ಕೈಗಳು ಆ ಓಣಿಯಲ್ಲೇ ಇದ್ದವು. ವಾರದ ರಜೆಯ ದಿನ ಹಣಮವ್ವನ ಗುಂಪು ಗುದ್ದಲಿ ಹಿಡಿದು ನಿಂತಿತು. ನಾನು ಮೂರುಕಾಲಿನ ಲೆವೆಲ್ ಯಂತ್ರ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದೆ. ಹಣಮವ್ವ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಎಂಬ ತನ್ನ ಯಂತ್ರ ತಂದಳು. ಅದರೊಳಗೆ ನೀರು. ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅದರಿಂದ ಕೆಳಗೆ ಅಳೆದುಕೊಳ್ಳುವುದು.

"ನಿಂದು ಎಷ್ಟು ಹೇಳ್ತದ?" ಎಂದಳು.

ಹೇಳಿದೆ.

"ನಂದು ಬ್ಯಾರೆ ಹೇಳ್ತದ. ಒಂದು ಬಟ್ಟು ಫರಕ ಅದ."

ಒಂದು ಬೆರಳಿನಗಲ ತಪ್ಪು ಎಲ್ಲಿಂದ ಬಂತೆಂದು ಮತ್ತೆ ಲೆಕ್ಕ ಮಾಡಿದೆ. ಒಂದು ಸಂಖ್ಯೆಯನ್ನು ಕೂಡುವಲ್ಲಿ ಕಳೆದಿದ್ದೆ. ಅದನ್ನು ಒಪ್ಪಿಕೊಂಡಾಗ ಗುಂಪಿನ ಹೆಂಗಸೊಬ್ಬಳು, "ಯಂತ್ರ ಛಲೋ ಅದರಿ, ಕಣ್ಣ ಮುಚ್ಚಿ ನೋಡಬ್ಯಾಡ್ರಿ" ಎಂದಳು. ಪೈಪು ಕೂತ ಮೇಲೆ ಹಣಮವ್ವ ಮೇಲಿನ ತುದಿಯಲ್ಲಿ ಒಂದು ತಂಬಿಗೆ ಅರಿಸಿನದ ನೀರು ಸುರಿದಳು. ಕೆಳಗಿನ ಚೇಂಬರಿನ ಬಳಿ ಮಾದೇವಿ ಕೂತಿದ್ದಳು. "ಬಂತು" ಎಂದಳು ಮಾದೇವಿ. ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

ಗೋಡೆ ಒಡೆಯುವುದು ಉಳಿದಿತ್ತು. ಭೀಮರಾಯ ಆ ಭಾನುವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದ. ಹೊರಸು ಮಾತ್ರ ಬಾಗಿಲ ಬಳಿಯಿಂದ ಯಾರಿಗೂ ಹೇಳದೆ ಮಾಯವಾಗಿತ್ತು. ನಾನು ಹಿಂಗೋಡೆಗೆ ಸುತ್ತಿಗೆ ಎತ್ತಿದೆ. ಎರಡು ಪೆಟ್ಟು ಹಾಕುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಸರೀರಿ ಸಾಹೇಬ್ರ. ಹಂಗ ಬಡದ್ರ ಗ್ವಾಡಿನೇ ಬರ್ತದ."

ಅವನು ಉಳಿ ತಂದಿದ್ದ. ಒಂದೊಂದೇ ಇಟ್ಟಿಗೆ ಬಿಡಿಸಿ ಪಕ್ಕಕ್ಕೆ ಜೋಡಿಸಿದ. ಹಿಂದೆ ಬಾಗಿಲು ತೆರೆದಾದ ಮೇಲೆ ಅವೇ ಇಟ್ಟಿಗೆಗಳಿಂದ ಮುಂದಿನ ಬಾಗಿಲನ್ನು ತಾನೇ ಮುಚ್ಚಿದ. ಕೊನೆಯ ಇಟ್ಟಿಗೆ ಇಟ್ಟು ಕರಣಿಯನ್ನು ಒರೆಸುತ್ತ, ನನ್ನ ಕಡೆ ನೋಡದೆ, "ಏಳು ವರ್ಸದಿಂದ ಕುಂತೀನಿ ಆ ಕಟ್ಟಿ ಮ್ಯಾಲ" ಎಂದ.

ಬಳಕೆ ಶುರುವಾದಾಗ ನನ್ನ ಇನ್ನೊಂದು ಪ್ರತಾಪ ಹೊರಬಿತ್ತು. ಒಳಗಿನ ಎಂಟು ಬಾಗಿಲುಗಳಲ್ಲಿ ಮೂರರ ಚಿಲಕ ಕೂರುತ್ತಿರಲಿಲ್ಲ. ಅಷ್ಟು ದಿನ ಯಾರೂ ಒಳಗೆ ಹೋಗದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಹೊಸ ಚಿಲಕ ಬರುವುದು ತಪಾಸಣೆಯ ನಂತರವೇ. ಚಿಲಕವಿಲ್ಲದೆ ಬದುಕುವ ವಿದ್ಯೆಯಲ್ಲಿ ಸದಾಶಿವ ಪೇಠೆಯ ನಾನು ಪಂಡಿತ. ಹೆಜ್ಜೆ ಸಪ್ಪಳ ಕೇಳಿದರೆ ಕೆಮ್ಮಬೇಕು ಎಂದು ಹಣಮವ್ವನಿಗೆ ವಾಡೆಯ ಪದ್ಧತಿ ವಿವರಿಸಿದೆ. ಅವಳು ಹೆಂಗಸರಿಗೆ ಹೇಳಿದಳು. ಮರುದಿನ ಬಂದು, "ಹುಡುಗ್ಯಾರು ನಾಚ್ಕೊಂತಾರಪ್ಪ. ಕೆಮ್ಮಿದ್ರ ಯಾರ ಸೊಸಿ ಅಂತ ಗೊತ್ತಾಗ್ತದಂತ" ಎಂದಳು. ಸ್ವಲ್ಪ ಯೋಚಿಸಿ, "ಇರ್ಲಿ, ನಾ ನೋಡ್ಕೋತೀನಿ" ಎಂದು ಹೋದಳು. ಏನು ನೋಡಿಕೊಂಡಳು ಎಂಬುದು ನನಗೆ ತಪಾಸಣೆಯ ದಿನವೇ ತಿಳಿದದ್ದು.

ಅಂದು ಬೆಳಿಗ್ಗೆ ಮೋಡ ಕವಿದಿತ್ತು. ಪರಚುರೆ ಸಾಹೇಬರು ಸ್ಕೂಟರ್ ನಿಲ್ಲಿಸಿ ಕಟ್ಟಡದ ಮುಂದೆ ಬಂದರು. ಗಂಡಸರ ಕಡೆ ಸರಿಯಾಗಿತ್ತು. ಹೆಂಗಸರ ಕಡೆ ಬಾಗಿಲಿದ್ದ ಜಾಗದಲ್ಲಿ ಗೋಡೆ. ಓಣಿಯ ಬಾಯಲ್ಲಿ ಹಣಮವ್ವ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಸಾಹೇಬರು ಓಣಿಯೊಳಗೆ ಹೆಜ್ಜೆ ಇಡುವಷ್ಟರಲ್ಲಿ ಮೊರ ಅಡ್ಡ ಬಂತು.

"ಇಲ್ಲಿ ಗಂಡಸರು ಬರಂಗಿಲ್ರಿ."

ನಾನು ಅದನ್ನು ಮರಾಠಿಗೆ ತಿರುಗಿಸಿದೆ, ಒಂದಿಷ್ಟು ಸಕ್ಕರೆ ಬೆರೆಸಿ. ಸಾಹೇಬರು ಗಡಿಯಾರ ನೋಡಿದರು. ಹತ್ತು ನಿಮಿಷ ಕಾದರು. ಹೊರಗಿನಿಂದ ನೋಡಿದರೆ ಒಬ್ಬ ಹೆಂಗಸೂ ಕಾಣಲಿಲ್ಲ. ಕಾಣಬಾರದೆಂದೇ ಅಲ್ಲವೇ ನಾವು ಅಷ್ಟೆಲ್ಲ ಮಾಡಿದ್ದು. ಅವರು ಕಡತ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಕಾಣದ್ದನ್ನು ತೋರಿಸುವುದು ಹೇಗೆ?

ಆಗ ಗೋಡೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಗಂಟಲಲ್ಲಿ ಸಣ್ಣ ಗೊರ. ಎರಡು ಗಟ್ಟಿ ಪೆಟ್ಟು. ಕೊನೆಗೆ ಉದ್ದನೆಯ 'ಹ್ಞಾಂ'.

ನಾನು ಆಕಾಶ ನೋಡಿದೆ. ಹಣಮವ್ವ ಜೋಳದಲ್ಲಿ ಇಲ್ಲದ ಕಲ್ಲು ಹುಡುಕಿದಳು. ಅದು ಮುಗಿಯುವ ಮೊದಲೇ ಇನ್ನೊಂದು ಬಾಗಿಲಿನಿಂದ ಅದೇ ಕೆಮ್ಮು. ಮತ್ತೊಂದರಿಂದ ಮತ್ತೆ ಅದೇ. ಹದಿನೈದು ದಿನದ ಕೆಳಗೆ ಮಾವಂದಿರ ಮುಂದೆ ಹೆಜ್ಜೆ ಎತ್ತಲಾರದ ಸೊಸೆಯಂದಿರು ಸಾಲಾಗಿ ಡೆಪ್ಯೂಟಿ ಇಂಜಿನಿಯರ್ ಆಗಿ ಕೆಮ್ಮುತ್ತಿದ್ದರು.

ಸಾಹೇಬರು ಪೆನ್ನು ಹಿಡಿದು ನಿಂತರು. "ವಸ್ತೀತ ಖೋಕಲ್ಯಾಚೀ ಸಾಥ್ ಆಲೀಯ್ ವಾಟತೇ" ಎಂದರು. ವಸ್ತಿಯಲ್ಲಿ ಕೆಮ್ಮಿನ ರೋಗ ಹರಡಿದೆಯೇನೋ ಎಂಬುದು ಅವರ ಚಿಂತೆ. ಎಲ್ಲರಿಗೂ ಶುಂಠಿ ಚಹಾ ಕೊಡಲು ಹೇಳು ಎಂದರು. ಹೇಳುತ್ತೇನೆ ಎಂದೆ. ದೇವರಾಣೆ, ಅಷ್ಟು ಕಷ್ಟದಿಂದ ನಾನು ಯಾವ ಮಾತನ್ನೂ ಆಡಿಲ್ಲ.

ಆಮೇಲೆ ಅವರು ಇಂಜಿನಿಯರ್ ಮಾಡುವ ಕೆಲಸ ಮಾಡಿದರು. ಓಣಿಯ ಬಾಯಲ್ಲಿದ್ದ ಹೊಸ ಚೇಂಬರಿನ ಮುಚ್ಚಳ ಎತ್ತಿಸಿದರು. ಬಗ್ಗಿ ನೋಡಿದರು. ನೀರು ತಡೆಯಿಲ್ಲದೆ ಹರಿಯುತ್ತಿತ್ತು, ಬರೀ ನೀರಷ್ಟೇ ಹರಿಯುತ್ತಿರಲಿಲ್ಲ ಎಂಬುದನ್ನು ಓದುಗರು ತಿಳಿದುಕೊಳ್ಳಬೇಕು. ಅವರ ಮುಖ ಅರಳಿತು. ಚೇಂಬರಿನೊಳಗೆ ಇಣುಕಿ ಮುಖ ಅರಳಿಸುವ ಜನ ಪ್ರಪಂಚದಲ್ಲಿ ಕಡಿಮೆ, ಅಂದು ಅಲ್ಲಿ ನಾವಿಬ್ಬರಿದ್ದೆವು.

"ಇಳಿಜಾರು ಯಾರು ಹಾಕಿದ್ದು?"

ಹಣಮವ್ವನ ಕಡೆ ಕೈ ತೋರಿಸಿದೆ. ಅವರು ಮೊರದ ಮುಂದೆ ನಿಂತು ತಲೆಯಾಡಿಸಿದರು. ಕಡತದಲ್ಲಿ ಹೆಂಗಸರ ಭಾಗದ ಮುಂದೆ 'ಬಳಕೆಯಲ್ಲಿದೆ' ಎಂದು ಬರೆದರು. ಸ್ಕೂಟರಿನ ಬಳಿ ಹೋಗಿ ಕಿಕ್ ಹೊಡೆಯುವ ಮೊದಲು ಅವರಿಗೆ ಕೆಮ್ಮು ಬಂತು. ಸಣ್ಣ ಗೊರ, ಎರಡು ಪೆಟ್ಟು. ಮೂರನೆಯ ಭಾಗ ಬಾಯಿಗೆ ಬಂದು ನಿಂತುಬಿಟ್ಟಿತು. ಅವರು ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ಹೆಲ್ಮೆಟ್ಟನ್ನು ಹುಬ್ಬಿನ ತನಕ ಎಳೆದುಕೊಂಡೆ. 'ಹ್ಞಾಂ' ಎನ್ನುವುದನ್ನು ನುಂಗಿಕೊಂಡೇ ಅವರು ಹೊರಟುಹೋದರು.

ನಾಲ್ಕನೆಯ ದಿನ ಮಳೆ ಹಿಡಿಯಿತು. ಏರಿಯ ಹಾದಿಯಲ್ಲಿ ಹೆಣ್ಣುಮಕ್ಕಳ ಹೆಜ್ಜೆ ಮೂಡಲಿಲ್ಲ. ಶ್ರಾವಣದಲ್ಲಿ ಮಾದೇವಿಗೆ ಹೆಣ್ಣು ಕೂಸು ಹುಟ್ಟಿತು.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡ ತತ್ವವೇನಲ್ಲ. ಅಂದಿನಿಂದ ಯಾವ ನಕ್ಷೆಗೆ ಸಹಿ ಮಾಡುವ ಮೊದಲೂ ನಾನು ಒಂದು ತಂಬಿಗೆ ನೀರು ಹಿಡಿದು, ಅಲ್ಲಿಯ ಕೊನೆಯ ಮನೆಯ ಸೊಸೆಯ ಬಾಗಿಲಿನಿಂದ ಹೊರಟು, ಕಟ್ಟಡದ ತನಕ ನಡೆದು ನೋಡುತ್ತೇನೆ. ಎಲ್ಲಿ ಕಾಲು ತಡೆಯುತ್ತದೋ ಅಲ್ಲಿ ನಕ್ಷೆ ತಿದ್ದುತ್ತೇನೆ. ಹಾದಿಯಲ್ಲಿ ನಿಂತವರು ನಗುತ್ತಾರೆ. ನಗಲಿ, ನನಗೆ ಅದು ಹೊಸದೇನೂ ಅಲ್ಲ. ಫಾರ್ಮಿನ ಚೌಕ ಈಗಲೂ ಇದೆ. ಗುರುತು ಮಾತ್ರ ಮೊದಲಿನಷ್ಟು ಚಂದ ಬರುವುದಿಲ್ಲ.

ಹೇಳಲು ಮರೆತೆ. ತಪಾಸಣೆಯ ಮರುವಾರ ಮೂರು ಹೊಸ ಚಿಲಕ ತೆಗೆದುಕೊಂಡು ವಸ್ತಿಗೆ ಹೋದೆ. ಓಣಿಯ ಬಾಯಲ್ಲಿ ಮಾದೇವಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಆದರೆ ನೇರವಾಗಿ ನನಗೇ ಹೇಳಿದಳು.

"ಚಿಲಕ ಈಗೇ ಹಚ್ಚಬ್ಯಾಡ್ರಿ ಸಾಹೇಬ್ರ."

"ಯಾಕವ್ವ?"

"ಇನ್ನಾ ಒಂದೆಂಟು ದಿನ ಕೆಮ್ತೀವ್ರಿ."

ಮೂರೂ ಚಿಲಕಗಳನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ.